ಊರೋ, ಮುಂಬಯಿಯೋ? ಮುಂದೂಡಿದ ಆಯ್ಕೆಗಳು ಮತ್ತು ಲೈಫ್ ಕೋಚ್ ಕೇಳುವ ಪ್ರಶ್ನೆ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬರುವ ಮಾತೊಂದಿದೆ: 'ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗಿ ಇದ್ದುಬಿಡುವುದು.' ಮಗಳ ಮದುವೆಯಾಗಲಿ, ಮಗನಿಗೆ ಕೆಲಸ ಸಿಗಲಿ, ಹೋಟೆಲಿನ ಪಾಲುದಾರಿಕೆಯ ಲೆಕ್ಕ ತೀರಲಿ ಎನ್ನುತ್ತ ಆ ಎರಡು ವರ್ಷ ಮುಂದೆ ಮುಂದೆ ಸರಿಯುತ್ತಲೇ ಇರುತ್ತದೆ. ಊರಿನಲ್ಲಿ ಕಟ್ಟಿಸಿದ ಮನೆಗೆ ವರ್ಷದಲ್ಲಿ ಹತ್ತು ದಿನ ದೀಪ ಹತ್ತುತ್ತದೆ. ಇಲ್ಲಿನ ಮನೆಯ ಗೋಡೆಗೆ ಬಣ್ಣ ಬಳಿಸಲು ಮನಸ್ಸು ಬಾರದು, ಹೇಗೂ ಹೊರಡುವವರಲ್ಲವೇ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಯಾರೂ ಹಾಗೆ ಬದುಕಬೇಕೆಂದು ಆರಿಸಿಕೊಂಡವರಲ್ಲ.

ಈಗ ಆ ಪ್ರಶ್ನೆ ಮುಂದೂಡಲಾಗದ ರೂಪದಲ್ಲಿ ಬಾಗಿಲಿಗೆ ಬರುತ್ತಿದೆ. ಮುಲುಂಡ್, ಘಾಟ್‌ಕೋಪರ್, ಚೆಂಬೂರ್, ಡೊಂಬಿವಲಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಕಟ್ಟಡದ ಹೌಸಿಂಗ್ ಸೊಸೈಟಿಯ ಸಭೆ ನಡೆಯುತ್ತದೆ, ಒಪ್ಪಿಗೆ ಪತ್ರ ಕೈಗೆ ಬರುತ್ತದೆ, ಸಹಿಗೆ ಗಡುವು ಇರುತ್ತದೆ. ಹೊಸ ಫ್ಲ್ಯಾಟ್ ಎದ್ದು ನಿಲ್ಲುವವರೆಗೆ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಕಾಯುವುದೇ, ಇದ್ದುದನ್ನು ಮಾರಿ ಊರಿನ ದಾರಿ ಹಿಡಿಯುವುದೇ?

ಕಳೆದ ವರ್ಷ ಇಂತಹ ಕಾಗದ ಬಂದದ್ದು ನನ್ನ ಪರಿಚಯದ ಒಂದು ದಂಪತಿಯ ಮನೆಗೆ. ಯಜಮಾನರಿಗೆ ಅರವತ್ತಾರು. ಕಾರ್ಕಳ ಕಡೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿನಲ್ಲಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಹತ್ತನೆಯ ತರಗತಿ ಮುಗಿಸಿದವರು. ಮುಂದೆ ಪಾಲುದಾರಿಕೆಯಲ್ಲಿ ಸ್ವಂತ ಹೋಟೆಲ್ ಮಾಡಿದರು. ಹೆಂಡತಿಗೆ ಅರವತ್ತು. ಪವಾಯಿಯ ಐಟಿ ಕಂಪನಿಯಲ್ಲಿರುವ ಮಗ, ತನಗೆ ಹೋಟೆಲ್ ಬೇಡವೆಂದು ಎಂದೋ ಹೇಳಿಯಾಗಿದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದು ಊಟದ ಹೊತ್ತಿಗೂ ಮೌನ ಕವಿಯತೊಡಗಿದಾಗ, ಪುಣೆಯಲ್ಲಿರುವ ಮಗಳು ಲೈಫ್ ಕೋಚ್ ಒಬ್ಬರನ್ನು, ಅಂದರೆ ಪ್ರಶ್ನೆ ಕೇಳುತ್ತ ಬದುಕಿನ ಆಯ್ಕೆಗಳನ್ನು ಯೋಚಿಸಲು ನೆರವಾಗುವವರನ್ನು, ಗೊತ್ತುಮಾಡಿದಳು. 'ನನ್ನ ಬದುಕಿನ ವಿಷಯ ಮಾತಾಡಲು ದುಡ್ಡು ಕೊಟ್ಟು ಹೊರಗಿನವರನ್ನು ಕರೆಯಬೇಕೇ?' ಎಂದು ತಂದೆ ಗದರಿದರು. ಕೊನೆಗೆ ಮಗಳ ಮುಖ ನೋಡಿ ಒಪ್ಪಿದರು. ಒಟ್ಟು ಆರು ಭೇಟಿಗಳಾದವು. ಹೆಸರು ಬೇಡವೆಂಬ ಒಂದೇ ಷರತ್ತಿನ ಮೇಲೆ ಇದನ್ನೆಲ್ಲ ಬರೆಯಲು ಅವರು ಒಪ್ಪಿದ್ದಾರೆ.

ಯಜಮಾನರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಕೊಡಬೇಕಾದರೆ ಈ ಕಸುಬಿನ ಹುಟ್ಟನ್ನು ಸ್ವಲ್ಪ ನೋಡಬೇಕು. ಕೋಚ್ ಎಂದರೆ ಮುಂಬಯಿಗರಿಗೆ ಮೊದಲು ಹೊಳೆಯುವುದು ರೈಲಿನ ಡಬ್ಬಿ. ಪದದ ಮೂಲವೂ ಅದಕ್ಕೆ ಹತ್ತಿರದ್ದೇ. ಹಂಗೇರಿಯ ಒಂದು ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆ ಸಾರೋಟಿಗೆ ಆ ಹಳ್ಳಿಯ ಹೆಸರೇ ಅಂಟಿಕೊಂಡು, ಅದು ಯೂರೋಪಿನ ಹಲವು ಭಾಷೆಗಳಿಗೆ ಹರಡಿತು. 1830ರ ಸುಮಾರಿಗೆ ಆಕ್ಸ್‌ಫರ್ಡ್‌ನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಪಾಠದ ಮೇಷ್ಟ್ರನ್ನು ಕೋಚ್ ಎಂದು ಕರೆಯತೊಡಗಿದರು. ಮುಂದೆ ಅದು ಆಟದ ಮೈದಾನಕ್ಕೆ ಹೋಯಿತು. ಸಾರೋಟು ಎಲ್ಲಿಗೆ ಹೋಗಬೇಕೆಂದು ಹೇಳುವವರು ಒಳಗೆ ಕುಳಿತವರು ಎಂಬ ಮಾತು ಇಡೀ ಕಸುಬಿನ ಬುಡದಲ್ಲಿದೆ.

ಮೈದಾನದಿಂದ ಅದು ಬದುಕಿನ ಪ್ರಶ್ನೆಗಳ ಕಡೆ ತಿರುಗಿದ್ದು 1970ರ ದಶಕದಲ್ಲಿ. ಅಮೆರಿಕದ ಟೆನಿಸ್ ತರಬೇತುದಾರ ಟಿಮೊತಿ ಗ್ಯಾಲ್ವೆ ಒಂದು ಸಂಗತಿಯನ್ನು ಗಮನಿಸಿದರು. ಮೊಣಕೈ ಹೀಗಿಡು, ಕಾಲು ಹಾಗಿಡು ಎಂದು ಸೂಚನೆ ಕೊಟ್ಟಷ್ಟೂ ಕಲಿಯುವವರು ಬಿಗಿಯಾಗುತ್ತಿದ್ದರು. ಚೆಂಡು ನೆಲಕ್ಕೆ ತಾಗಿದ ಕ್ಷಣವನ್ನೂ ರ್‍ಯಾಕೆಟ್‌ಗೆ ತಾಗಿದ ಕ್ಷಣವನ್ನೂ ಬಾಯಿಬಿಟ್ಟು ಹೇಳುತ್ತಾ ಹೋಗು ಎಂದಾಗ ಆಟ ತಾನಾಗಿ ಸುಧಾರಿಸುತ್ತಿತ್ತು. ಅಪ್ಪಣೆಗಿಂತ ಗಮನ ಹೆಚ್ಚು ಕೆಲಸ ಮಾಡಿತು. ಕಾರ್ ರೇಸ್ ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇದನ್ನು ಕಚೇರಿಗಳಿಗೆ ತಂದರು. ಎಲ್ಲಿಗೆ ತಲುಪಬೇಕು, ಈಗ ಎಲ್ಲಿದ್ದೇವೆ, ಯಾವ ಯಾವ ದಾರಿಗಳಿವೆ, ಅವುಗಳಲ್ಲಿ ಯಾವುದನ್ನು ನಿಜವಾಗಿ ಹಿಡಿಯುತ್ತೇವೆ ಎಂಬ ನಾಲ್ಕು ಮೆಟ್ಟಿಲುಗಳ ಕ್ರಮ ಅವರದು. ಇಂದಿಗೂ ಅನೇಕ ಕೋಚ್‌ಗಳು ಅದನ್ನೇ ಬಳಸುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಐಸಿಎಫ್ (ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್) ಎಂಬ ಕೋಚ್‌ಗಳ ವೃತ್ತಿ ಒಕ್ಕೂಟ ಹುಟ್ಟಿ, ತರಬೇತಿಗೂ ನಡತೆಗೂ ಒಂದು ಅಳತೆ ಬಂತು.

ಹಾಗಾದರೆ ಕೋಚ್ ಮಾಡುವುದೇನು? ಸಲಹೆ ಕೊಡುವುದಿಲ್ಲ. ಸಲಹೆಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ. ಭಾವ, ಮೈದುನ, ಜಾತಿಯ ಸಂಘದ ಹಿರಿಯರು, ಜ್ಯೋತಿಷಿ, ಬ್ಯಾಂಕಿನಲ್ಲಿರುವ ಅಳಿಯ, ಎಲ್ಲರೂ ಕೇಳುವ ಮೊದಲೇ ಹೇಳುತ್ತಾರೆ. ಅವರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಪ್ರತಿಯೊಬ್ಬರ ಮಾತಿನಲ್ಲೂ ಅವರದೊಂದು ಪಾಲು ಇರುತ್ತದೆ. ಊರಿನ ತಮ್ಮನಿಗೆ ಅಣ್ಣ ಬಂದರೆ ತೋಟ ಹಂಚಬೇಕಾದೀತು ಎಂಬ ಅಳುಕು. ಮಗನಿಗೆ ಮೊಮ್ಮಗುವನ್ನು ನೋಡಿಕೊಳ್ಳುವವರು ದೂರವಾದಾರು ಎಂಬ ಚಿಂತೆ. ಕೋಚ್ ಎಂದರೆ ಆ ಮನೆಯಲ್ಲಿ ಯಾವ ಪಾಲೂ ಇಲ್ಲದ ಒಂದು ಕಿವಿ. ಆ ಯಜಮಾನರಿಗೆ ನಾನು ಕೊಡಬಹುದಾದ ಉತ್ತರ ಇದೇ: ದುಡ್ಡು ಸಲ್ಲುವುದು ಆ ಪಾಲಿಲ್ಲದ ಕಿವಿಗೆ, ಮತ್ತು ಅದು ತಾಳ್ಮೆಯಿಂದ ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ.

ಆಯ್ಕೆಯನ್ನು ಅರಿತು ಮಾಡುವುದು ಇಷ್ಟೊಂದು ಕಷ್ಟವೇಕೆ ಎಂಬುದಕ್ಕೆ ಮನಶ್ಶಾಸ್ತ್ರ ಒಳ್ಳೆಯ ವಿವರಣೆ ಕೊಡುತ್ತದೆ. 1988ರಲ್ಲಿ ವಿಲಿಯಂ ಸ್ಯಾಮ್ಯುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು ಹಾರ್ವರ್ಡ್ ವಿಶ್ವವಿದ್ಯಾಲಯದ ನೌಕರರ ಆರೋಗ್ಯ ವಿಮೆಯ ಆಯ್ಕೆಗಳನ್ನು ಪರಿಶೀಲಿಸಿದರು. ಹೊಸದಾಗಿ ಸೇರಿದವರು ಹೊಸ ಯೋಜನೆಗಳನ್ನು ಹೆಚ್ಚಾಗಿ ಆರಿಸಿಕೊಂಡರೆ, ಹಳಬರು ಮೊದಲು ಹಿಡಿದದ್ದಕ್ಕೇ ಅಂಟಿಕೊಂಡಿದ್ದರು. ಇದ್ದ ಸ್ಥಿತಿಗೆ ಒಂದು ಸೆಳೆತವಿದೆ. ಏನೂ ಮಾಡದಿರುವುದು ಆಯ್ಕೆಯಂತೆ ಕಾಣುವುದಿಲ್ಲ, ಆದ್ದರಿಂದ ಅದರ ಬೆಲೆಯೂ ಕಾಣುವುದಿಲ್ಲ. ಇದಕ್ಕೂ ಮುಂಚೆ, 1979ರಲ್ಲಿ, ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಇನ್ನೊಂದನ್ನು ತೋರಿಸಿದ್ದರು: ಪಡೆದುಕೊಳ್ಳುವ ಸಂತೋಷಕ್ಕಿಂತ ಅಷ್ಟನ್ನೇ ಕಳೆದುಕೊಳ್ಳುವ ನೋವು ಮನಸ್ಸಿಗೆ ಭಾರವಾಗುತ್ತದೆ. ಐವತ್ತು ವರ್ಷ ಬೆವರು ಸುರಿಸಿದ ನಗರವನ್ನು ಬಿಡುವ ಪ್ರಶ್ನೆ ಬಂದಾಗ ಈ ಎರಡೂ ಸೇರಿ ಕೈಕಾಲು ಕಟ್ಟುತ್ತವೆ.

ನಮ್ಮವರ ವಿಷಯದಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿತು. ಅದಕ್ಕೆ ಮೊದಲು ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಹೈರಾಣಾಗಿ ತಲುಪುತ್ತಿದ್ದ ಊರು, ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಾ ಹತ್ತಿದರೆ ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರವಾಯಿತು. ಆ ರೈಲಿಗೆ ನಾವೆಲ್ಲ ಋಣಿಗಳು. ಆದರೆ ಬೇಕೆಂದಾಗ ಹೋಗಿ ಬರಬಹುದು ಎಂದಾದ ಮೇಲೆ ಎಲ್ಲಿ ನೆಲೆಸಬೇಕೆಂದು ತೀರ್ಮಾನಿಸುವ ಒತ್ತಡವೂ ಸಡಿಲವಾಯಿತು.

ಇನ್ನು ಆ ಭೇಟಿಗಳಲ್ಲಿ ನಡೆದದ್ದು. ಮೊದಲ ಭೇಟಿ ಹೆಚ್ಚುಕಡಿಮೆ ವ್ಯರ್ಥವಾಯಿತಂತೆ. ಕೋಚ್ ಕನ್ನಡ ಬಲ್ಲವರೇ, ಆದರೆ ತರಬೇತಿ ಇಂಗ್ಲಿಷಿನಲ್ಲಿ ಆದದ್ದು. 'ನಿಮಗೇನು ಬೇಕು?' ಎಂದು ಹೆಂಡತಿಯನ್ನು ಕೇಳಿದರು. ಆಕೆ ಸುಮ್ಮನೆ ಕುಳಿತರು. ನಮ್ಮ ಭಾಷೆಯಲ್ಲಿ ಆ ಪ್ರಶ್ನೆಯನ್ನು ಕೇಳುವವರು ಅಂಗಡಿಯವರು, ಹೋಟೆಲಿನ ಮಾಣಿಗಳು; ಮನೆಯಲ್ಲಿ ಯಾರಾದರೂ ಹಾಗೆ ಕೇಳಿದರೆ ಅದು ಬಹುತೇಕ ಸಿಡುಕಿನ ಮಾತು. ತನಗೇನು ಬೇಕೆಂದು ಅರವತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರದ ಹೆಂಗಸಿಗೆ ಅದು ಪ್ರಶ್ನೆಯಾಗಿ ಕೇಳಿಸುವುದೇ ಇಲ್ಲ. ಎರಡನೆಯ ಭೇಟಿಯಲ್ಲಿ ಕೋಚ್ ಬೇರೆ ರೀತಿ ಕೇಳಿದರು: 'ಇಲ್ಲಿಂದ ಹೊರಟರೆ ಯಾವುದು ಇಲ್ಲದೆ ನಿಮಗೆ ದಿನ ಬರಿದೆನಿಸುತ್ತದೆ?'

ಅದಕ್ಕೆ ಉತ್ತರ ಹರಿದು ಬಂತು. ಶುಕ್ರವಾರದ ಭಜನೆಯ ಗೆಳತಿಯರು. ರಾತ್ರಿ ಒಂಬತ್ತಕ್ಕೂ ಲೋಕಲ್‌ನ ಮಹಿಳೆಯರ ಡಬ್ಬಿಯಲ್ಲಿ ಒಬ್ಬರೇ ಕುಳಿತು ಮನೆಗೆ ಬರುವ ಸ್ವಾತಂತ್ರ್ಯ. ಮಾಟುಂಗಾದ ಮಾರುಕಟ್ಟೆಗೆ ಹೋಗಿ ತಾವೇ ಆರಿಸಿ ತರುವ ಮಲ್ಲಿಗೆ, ಬಾಳೆ ಎಲೆ, ಕೆಸುವಿನ ಎಲೆ. 'ಊರಿನಲ್ಲಿ ನಾನು ಇವತ್ತಿಗೂ ದೊಡ್ಡ ಮನೆಯ ಸೊಸೆ. ಇಲ್ಲಿ ನನ್ನನ್ನು ನನ್ನ ಹೆಸರು ಹಿಡಿದು ಕರೆಯುವವರಿದ್ದಾರೆ' ಎಂದರು. ಪಕ್ಕದಲ್ಲಿ ಕುಳಿತಿದ್ದ ಗಂಡನಿಗೆ ಇದು ಮೊದಲ ಬಾರಿ ಕೇಳಿಸಿದ ಮಾತು. ಮೂವತ್ತೇಳು ವರ್ಷದ ದಾಂಪತ್ಯದಲ್ಲಿ ಊರಿಗೆ ಹೋಗುವ ವಿಷಯ ಬಂದಾಗಲೆಲ್ಲ ಆಕೆ 'ನಿಮಗೆ ಸರಿ ಕಂಡಂತೆ' ಎಂದೇ ಹೇಳಿದ್ದರು, ಅವರು ಅದನ್ನು ಒಪ್ಪಿಗೆ ಎಂದೇ ತಿಳಿದಿದ್ದರು.

ಯಜಮಾನರ ಸರದಿ ಇನ್ನೂ ನಿಧಾನವಾಗಿ ಸಾಗಿತು. ಊರು ಎಂದೊಡನೆ ಏನು ಕಣ್ಣಿಗೆ ಕಟ್ಟುತ್ತದೆ ಎಂದು ಕೇಳಿದಾಗ ಅವರು ಹೇಳಿದ್ದು ದೈವಾರಾಧನೆಯ ನೇಮದ ರಾತ್ರಿ, ದೈವದ ಚಾವಡಿಯ ಮುಂದೆ ಅಣ್ಣತಮ್ಮಂದಿರೆಲ್ಲ ಸಾಲಾಗಿ ನಿಲ್ಲುವುದು, ತಾಯಿ ಕುಳಿತಿರುತ್ತಿದ್ದ ಜಗಲಿ. 'ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ನೀವು ಏನು ಮಾಡುತ್ತಿರುತ್ತೀರಿ?' ಎಂದು ಕೋಚ್ ಕೇಳಿದರು. ಬಹಳ ಹೊತ್ತು ಉತ್ತರ ಬರಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಬೆಳಗಿನ ಐದಕ್ಕೆ ಎದ್ದು ಗಲ್ಲಾಪೆಟ್ಟಿಗೆಯ ಸದ್ದಿನಲ್ಲಿ ಬದುಕಿದ ಮನುಷ್ಯನ ಕಣ್ಣಮುಂದೆ ಹಬ್ಬದ ಊರು ಇತ್ತು, ಮಂಗಳವಾರದ ಊರು ಇರಲಿಲ್ಲ. ಈ ಒಂದು ಪ್ರಶ್ನೆಗಾಗಿ ನಾನು ಆ ಕೋಚ್‌ಗೆ ಮನಸಾರೆ ಗೌರವ ಸಲ್ಲಿಸುತ್ತೇನೆ. ಊರೋ ಮುಂಬಯಿಯೋ ಎಂದು ಅಷ್ಟು ವರ್ಷ ಜಗ್ಗಾಡಿದ ವಿಷಯ, ವರ್ಷದಲ್ಲಿ ಎಷ್ಟು ದಿನ, ಯಾವ ದಿನ, ಯಾರೊಡನೆ, ಏನು ಮಾಡುತ್ತ ಎಂಬ ಉತ್ತರವಿರುವ ಪ್ರಶ್ನೆಗಳಾಗಿ ಒಡೆಯಿತು.

ಮುಂದಿನದು ಪರೀಕ್ಷಿಸಿ ನೋಡುವ ಕೆಲಸ. ಬಹುತೇಕ ಮುಂಬಯಿಗರು ಊರನ್ನು ಕಾಣುವುದು ಮೇ ತಿಂಗಳಲ್ಲಿ. ಮಾವು, ಹಲಸು, ಮದುವೆ, ಮಕ್ಕಳ ಗದ್ದಲ. ಮಳೆಗಾಲದ ಆಟಿ ಎಂಬ ತುಳು ತಿಂಗಳಲ್ಲಿ ಹದಿನೈದು ದಿನ ಬಿಡದೆ ಮಳೆ ಹೊಯ್ದು, ಕರೆಂಟು ಹೋಗಿ, ಬಟ್ಟೆ ಒಣಗದೆ, ಅಂಗಳದಲ್ಲಿ ಪಾಚಿ ಕಟ್ಟಿದಾಗ ಅದೇ ಮನೆ ಬೇರೆಯೇ. ಅಲ್ಲಿ ನೆಲೆಸುವವರು ಆಟಿಯಲ್ಲಿ ಇದ್ದು ನೋಡಬೇಕು ಎಂಬುದು ಹೆಂಡತಿಯದೇ ಸೂಚನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅವರ ಅಧ್ಯಯನಗಳ ಸಾರವೂ ಇಲ್ಲಿ ನೆರವಿಗೆ ಬರುತ್ತದೆ: ಮಾಡಬೇಕೆಂಬ ಬರಿಯ ಇಚ್ಛೆಗಿಂತ, ಇಂತಹ ಹೊತ್ತು ಬಂದಾಗ ಇಂತಹುದನ್ನು ಮಾಡುತ್ತೇನೆ ಎಂದು ಮೊದಲೇ ಕಟ್ಟಿಕೊಂಡ ನಿಶ್ಚಯ ಹೆಚ್ಚು ಕೈಗೂಡುತ್ತದೆ. 'ಒಮ್ಮೆ ಡಾಕ್ಟರನ್ನು ಕೇಳೋಣ' ಎಂಬುದು 'ಸೋಮವಾರ ತಿಂಡಿಯಾದ ಮೇಲೆ, ಮೊಣಕಾಲಿನ ಚಿಕಿತ್ಸೆ ಕಾರ್ಕಳದಲ್ಲೇ ಸಿಗುವುದೋ ಮಣಿಪಾಲಕ್ಕೇ ಹೋಗಬೇಕೋ ಎಂದು ಫೋನ್ ಮಾಡಿ ಕೇಳುತ್ತೇನೆ' ಎಂದು ಬದಲಾದಾಗ ಮಾತ್ರ ಫೋನ್ ಕರೆ ನಡೆಯುತ್ತದೆ.

ಇಂತಹ ಮಾತುಕತೆಯಿಂದ ನಿಜವಾಗಿ ಲಾಭವಿದೆಯೇ ಎಂಬ ಬಗ್ಗೆ ಪುರಾವೆ ಇದೆ, ಆದರೆ ಅದರ ಮಿತಿ ತಿಳಿದಿರಬೇಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೋಚಿಂಗ್ ಪಡೆದವರ ಕೆಲಸ, ನೆಮ್ಮದಿ, ಒತ್ತಡ ತಾಳುವ ಶಕ್ತಿ ಎಲ್ಲದರಲ್ಲೂ ಸುಧಾರಣೆ ಕಂಡಿತು. ಗುರಿ ಹಿಡಿದು ತನ್ನನ್ನು ತಾನು ನಡೆಸಿಕೊಳ್ಳುವ ವಿಷಯದಲ್ಲಿ ಪರಿಣಾಮ ಅತಿ ಹೆಚ್ಚು. ಅವೆಲ್ಲ ಉದ್ಯೋಗದ ಜಾಗದಲ್ಲಿ ನಡೆದ ಕೋಚಿಂಗ್‌ನ ಅಧ್ಯಯನಗಳು. ಬದುಕಿನ ದೊಡ್ಡ ತಿರುವುಗಳ ಬಗ್ಗೆ ಶಿಕಾಗೊದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮಾಡಿದ ಪ್ರಯೋಗ ಇನ್ನೂ ವಿಚಿತ್ರವಾದದ್ದು. ಕೆಲಸ ಬಿಡಲೇ, ಸಂಬಂಧ ಮುರಿಯಲೇ ಎಂದು ತೊಳಲಾಡುತ್ತಿದ್ದವರು ಅವರ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ಬಾರಿ ನಾಣ್ಯ ಚಿಮ್ಮಿಸಿದರು. ಆರು ತಿಂಗಳ ಬಳಿಕ ವಿಚಾರಿಸಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷದಲ್ಲಿರುವುದಾಗಿ ಹೇಳಿದರು. ತೀರ್ಮಾನವನ್ನು ನಾಣ್ಯಕ್ಕೊಪ್ಪಿಸಲು ಬಂದವರು ಆಗಲೇ ಬದಲಾವಣೆಯ ಅಂಚಿನಲ್ಲಿದ್ದವರು ಎಂಬುದನ್ನು ಮರೆಯಬಾರದು. ಆದರೂ ಅಂಚಿನಲ್ಲಿ ನಿಂತವರು ಅಗತ್ಯಕ್ಕಿಂತ ಹೆಚ್ಚು ಹಿಂಜರಿಯುತ್ತಾರೆ ಎಂಬ ಸುಳಿವು ಅದರಲ್ಲಿದೆ.

ಪಶ್ಚಿಮದಿಂದ ಬಂದ ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಿಲ್ಲದ ಒಂದು ಅಂಶವಿದೆ. ಆಯ್ಕೆ ಎಂದರೆ ಒಬ್ಬಂಟಿಯಾಗಿ ಮಾಡುವುದು, ಇತರರ ನಿರೀಕ್ಷೆಗಳನ್ನು ಕಳಚಿಟ್ಟರೆ ಒಳಗೆ ನಿಜವಾದ ನಾನು ಸಿಗುತ್ತೇನೆ ಎಂಬ ಭಾವನೆ ಅದರಲ್ಲಿ ಹುದುಗಿದೆ. ನಮ್ಮ ಮನೆಗಳಲ್ಲಿ ಅತ್ತೆಯ ಔಷಧಿ, ತಮ್ಮನ ಸಾಲ, ಕುಟುಂಬದ ದೈವದ ಸೇವೆ, ಇವು ಕಳಚಿಡುವ ಹೊರೆಗಳಲ್ಲ; ಬಹಳ ಮಂದಿ ಪ್ರೀತಿಯಿಂದಲೇ ಹೊತ್ತವು. ಹೊತ್ತದ್ದನ್ನು ತಿಳಿದು ಹೊತ್ತಿದ್ದೇನೆಯೇ, ಯಾರೂ ಕೇಳದೆಯೇ ನನ್ನ ತಲೆಗೆ ಏರಿದೆಯೇ ಎಂದು ವಿಂಗಡಿಸಲು ನೆರವಾಗುವ ಕೋಚ್ ನಮಗೆ ಬೇಕು. ಆ ದಂಪತಿಯ ನಾಲ್ಕನೆಯ ಭೇಟಿಗೆ ಮಗ, ಸೊಸೆ, ಮಗಳು ಮೂವರನ್ನೂ ಕರೆದದ್ದು ಈ ಕಾರಣಕ್ಕೆ ಸರಿಯಾಗಿತ್ತು. ಮೊಮ್ಮಗುವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಅತ್ತೆಯ ಮೇಲೆ ಹೊರಿಸಿರುವೆನೆಂಬ ಅಳುಕು ಸೊಸೆಗೂ ಇತ್ತು, ಅದು ಅಂದು ಹೊರಬಂತು.

ಇನ್ನು ಅಪಾಯದ ಮಾತು, ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಭಾರತದಲ್ಲಿ ಲೈಫ್ ಕೋಚ್ ಎಂದು ಫಲಕ ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕೋಚ್‌ಗಳಿಗೆ ಅಂತಹ ಯಾವುದೂ ಇಲ್ಲ. ಐಸಿಎಫ್ ಕೊಡುವ ಮೂರು ಹಂತದ ಮಾನ್ಯತೆಗೆ ಕ್ರಮವಾಗಿ 100, 500 ಮತ್ತು 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು, ಆದರೆ ಆ ಮಾನ್ಯತೆ ಪಡೆಯಬೇಕೆಂಬ ಕಡ್ಡಾಯವಿಲ್ಲ. ಈ ಖಾಲಿ ಜಾಗದಲ್ಲಿ ಭರವಸೆಯ ವ್ಯಾಪಾರ ಬೆಳೆದಿದೆ. ಎರಡು ದಿನದಲ್ಲಿ ಬದುಕು ಬದಲು, ಮೂರು ತಿಂಗಳಲ್ಲಿ ಆದಾಯ ದುಪ್ಪಟ್ಟು ಎಂದು ಹೋಟೆಲಿನ ಸಭಾಂಗಣಗಳಲ್ಲಿ ಜನರನ್ನು ಕೂಡಿಸಿ, ಚಪ್ಪಾಳೆ ತಟ್ಟಿಸಿ, ಆ ಉತ್ಸಾಹ ಆರುವ ಮೊದಲೇ ಮುಂದಿನ ಹಂತದ ಶುಲ್ಕಕ್ಕೆ ಕಾರ್ಡ್ ಉಜ್ಜಿಸಿಕೊಳ್ಳುತ್ತಾರೆ. ಯೋಚಿಸಲು ಒಂದು ರಾತ್ರಿಯ ಸಮಯ ಕೊಡದವರು ಅರಿತ ಆಯ್ಕೆಯನ್ನು ಕಲಿಸಲಾರರು. ಯಾರನ್ನಾದರೂ ಗೊತ್ತುಮಾಡುವ ಮುನ್ನ ತರಬೇತಿ ಎಲ್ಲಿ ಆಯಿತು, ಎಷ್ಟು ಭೇಟಿಗಳಿಗೆ ಮುಗಿಯುತ್ತದೆ, ನಡುವೆ ಬಿಟ್ಟರೆ ಹಣ ಹಿಂದಿರುಗುವುದೇ ಎಂದು ಕೇಳಿ, ಉತ್ತರ ಬರಹದಲ್ಲಿರಲಿ. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳಿಗೂ ಅನ್ವಯಿಸುತ್ತದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇದಕ್ಕಿಂತ ಗಂಭೀರವಾದದ್ದು, ಕಾಯಿಲೆಯನ್ನು ಆಯ್ಕೆಯ ಗೊಂದಲವೆಂದು ತಿಳಿಯುವುದು. ಎರಡು ವಾರ ಮೀರಿ ನಿದ್ದೆ ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ರುಚಿಯಿಲ್ಲದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅಲ್ಲಿ ಕೋಚ್‌ಗೆ ಕೆಲಸವಿಲ್ಲ. ಮನೋವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ಮೊದಲ ಭೇಟಿಯಲ್ಲೇ ಗುರುತಿಸಿ ಕಳುಹಿಸಿಕೊಡುವವರು ಒಳ್ಳೆಯ ಕೋಚ್.

ಇಷ್ಟಾದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಆ ದಂಪತಿಗೆ ಮಗಳಿದ್ದಳು, ಶುಲ್ಕಕ್ಕೆ ಹಣವಿತ್ತು. ಅವರದೇ ಹೋಟೆಲಿನ ಅಟ್ಟದಲ್ಲಿ ಮಲಗುವ ಬೈಂದೂರಿನ ಹುಡುಗನಿಗೆ ಏನಿದೆ? ಹನ್ನೆರಡು ತಾಸಿನ ದುಡಿಮೆಯ ಬಳಿಕ ಬದುಕಿನ ದಿಕ್ಕು ಯೋಚಿಸಲು ತೆರಪೇ ಇಲ್ಲದವನಿಗೆ ಆಯ್ಕೆಯ ಪಾಠ ಹೇಳುವುದು ಅನ್ಯಾಯ. ಒಂದು ಕಾಲಕ್ಕೆ ಅಂತಹ ಹುಡುಗರಿಗೆ ರಾತ್ರಿ ಶಾಲೆಗಳಿದ್ದವು. ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಪಾಠಕ್ಕೆ ಬರುತ್ತಿದ್ದ ಮೇಷ್ಟ್ರುಗಳು ಲೆಕ್ಕ, ಇಂಗ್ಲಿಷ್ ಕಲಿಸುತ್ತಿದ್ದರು. 'ಹತ್ತನೆಯದಾದ ಮೇಲೆ ಏನು ಮಾಡುತ್ತೀಯಪ್ಪಾ?' ಎಂದೂ ಕೇಳುತ್ತಿದ್ದರು. ಆ ಪ್ರಶ್ನೆಯನ್ನು ತನಗೆ ಮೊದಲು ಕೇಳಿದವರು ತಮ್ಮ ಲೆಕ್ಕದ ಮೇಷ್ಟ್ರು ಎಂದು ಈ ಯಜಮಾನರೇ ಐದನೆಯ ಭೇಟಿಯಲ್ಲಿ ನೆನಪಿಸಿಕೊಂಡರಂತೆ. ಮಾಣಿಯಾಗಿಯೇ ಉಳಿಯದೆ ಗಲ್ಲಾದ ಲೆಕ್ಕ ಕಲಿಯಲು ಹೊರಟದ್ದು ಆ ಮಾತಿನಿಂದ.

ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಮಾಟುಂಗಾದ ಕರ್ನಾಟಕ ಸಂಘ ಮತ್ತು ಮೈಸೂರು ಅಸೋಸಿಯೇಷನ್, ಇವೆಲ್ಲ ನಮ್ಮವರ ಬೆವರಿನಿಂದ ಎದ್ದ ಸಂಸ್ಥೆಗಳು. ನಮ್ಮ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತವೆ, ಆರೋಗ್ಯ ಶಿಬಿರ ನಡೆಸುತ್ತವೆ. ಇಂತಹ ಕಡೆ ಭಾನುವಾರ ಮಧ್ಯಾಹ್ನ ಒಂದು ಕೋಣೆ, ತುಳು ಕನ್ನಡ ಬಲ್ಲ, ಸರಿಯಾದ ತರಬೇತಿ ಪಡೆದ ಒಬ್ಬಿಬ್ಬರು, ಹೋಟೆಲಿನ ಹುಡುಗರಿಗೂ ನಿವೃತ್ತರಿಗೂ ಹಣವಿಲ್ಲದೆ ಒಂದು ಗಂಟೆ: ಇದು ನಮ್ಮ ಸಂಘಗಳ ಶಕ್ತಿ ಮೀರಿದ ಕೆಲಸವಲ್ಲ. ಪುಣೆ ಮತ್ತು ಗೋವಾದ ಕನ್ನಡ ಸಂಘಗಳಿಗೂ ಇದೇ ಮಾತು ಸಲ್ಲುತ್ತದೆ.

ಆ ದಂಪತಿ ಪುನರ್ನಿರ್ಮಾಣಕ್ಕೆ ಸಹಿ ಹಾಕಿದ್ದಾರೆ, ಫ್ಲ್ಯಾಟ್ ಮಾರಿಲ್ಲ. ಮಗನ ಮನೆಯ ಹತ್ತಿರವೇ ಸಣ್ಣ ಬಾಡಿಗೆ ಮನೆ ಹಿಡಿದಿದ್ದಾರೆ. ಹೋಟೆಲಿನ ತಮ್ಮ ಪಾಲನ್ನು ಎರಡು ಕಂತುಗಳಲ್ಲಿ ಪಾಲುದಾರನಿಗೆ ಬಿಟ್ಟುಕೊಡುವ ಮಾತಾಗಿದೆ. ಆಟಿಯಿಂದ ನವರಾತ್ರಿಯವರೆಗೆ ಊರಿನಲ್ಲಿದ್ದು ನೋಡುವುದೆಂದು ಮತ್ಸ್ಯಗಂಧಾಕ್ಕೆ ಎರಡು ಟಿಕೆಟ್ ತೆಗೆದಿದ್ದಾರೆ. ಹಳೆಯ ಲೆಕ್ಕದ ಪುಸ್ತಕವೊಂದರ ಕೊನೆಯ ಪುಟದಲ್ಲಿ, ಅಲ್ಲಿದ್ದಷ್ಟು ದಿನವೂ ಗುರುತು ಹಾಕಬೇಕಾದ ಮೂರು ಸಾಲುಗಳಿವೆ. ಇಂದು ಅವಳು ಒಬ್ಬಳೇ ಎಲ್ಲಿಗಾದರೂ ಹೋಗಿ ಬಂದಳೇ. ಇಂದು ನಾನು ಮಧ್ಯಾಹ್ನ ಏನು ಮಾಡಿದೆ. ಇಂದು ಯಾರಾದರೂ ಹೊರಗಿನವರೊಡನೆ ನಕ್ಕೆವೇ. ಮೊದಲ ಸಾಲು ಯಜಮಾನರ ಕೈಬರಹದಲ್ಲಿದೆ.